ತೈಪೆಯಲ್ಲಿ ಗಂಟುಗಳ ಬೆನ್ನು ಹತ್ತಿ

ದಾರವನ್ನು ಹೆಣೆದು ಕಟ್ಟುವ ಚೀನೀ ಅಲಂಕಾರದ ಗಂಟುಗಳನ್ನು ನೋಡಲು, ಕಲಿಯಲು ತೈವಾನಿನ ರಾಜಧಾನಿ ತೈಪೆಗೆ ಹೋಗುವುದಾದರೆ ಶನಿವಾರ ಬೆಳಿಗ್ಗೆ ಊರಿನಲ್ಲಿರುವ ಹಾಗೆ ಟಿಕೆಟ್ ಮಾಡಿಸಿ. ಬಟ್ಟೆ ಮಾರುಕಟ್ಟೆಗೆ ಭಾನುವಾರ ರಜೆ. ಜೇಡ್ ಕಲ್ಲಿನ ಸಂತೆ ಶನಿವಾರ, ಭಾನುವಾರ ಮಾತ್ರ. ಅರಮನೆ ವಸ್ತುಸಂಗ್ರಹಾಲಯ (ನ್ಯಾಷನಲ್ ಪ್ಯಾಲೇಸ್ ಮ್ಯೂಸಿಯಂ) ಸೋಮವಾರ ಮುಚ್ಚಿರುತ್ತದೆ. ಶನಿವಾರ ಶುರು ಮಾಡಿದರೆ ಎರಡೇ ದಿನಕ್ಕೆ ಮೂರೂ ಸಿಗುತ್ತವೆ.

ಹೊಸವರ್ಷ ಬಂತೆಂದರೆ ಚೀನಾದ ಊರೂರಲ್ಲಿ ಕೆಂಪು ಗಂಟು ತೂಗುತ್ತದೆ. ಆದರೂ ತೈಪೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ರೇಷ್ಮೆ ದಾರ ಬಹುಕಾಲ ಬಾಳುವುದಿಲ್ಲ, ಪದಕದ ಕಲ್ಲು ಉಳಿದರೂ ಅದನ್ನು ಕಟ್ಟಿದ ಗಂಟು ಪುಡಿಯಾಗುತ್ತದೆ. ಹೀಗೆ ಕೈಯಿಂದ ಕೈಗೆ ದಾಟುತ್ತಿದ್ದ ವಿದ್ಯೆ ತೆಳುವಾಗುತ್ತಿದ್ದಾಗ, 1970ರ ದಶಕದಲ್ಲಿ ತೈವಾನಿನಲ್ಲಿ ಲಿಡಿಯಾ ಚೆನ್ ಮತ್ತಿತರರು ಹಳೆಯ ಗಂಟುಗಳನ್ನು ಹುಡುಕಿ, ಬಿಡಿಸಿ, ಮತ್ತೆ ಕಟ್ಟಿ ದಾಖಲಿಸಿದರು. 1981ರಲ್ಲಿ ಪ್ರಕಟವಾದ ಆಕೆಯ ಪುಸ್ತಕ 11 ಮೂಲ ಗಂಟುಗಳನ್ನು ವಿಂಗಡಿಸಿಕೊಟ್ಟಿತು. ಇವತ್ತು ಕಲಿಯುವವರು ಹಿಡಿಯುವ ದಾರಿ ಹೆಚ್ಚುಕಡಿಮೆ ಅದೇ.

ಬೀಮೆನ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ಉತ್ತರಕ್ಕೆ ನಡೆದರೆ ದಿಹುವಾ ಬೀದಿ. ಒಣ ಅಣಬೆ, ಚಹಾ, ಗಿಡಮೂಲಿಕೆ ಅಂಗಡಿಗಳ ನಡುವೆ ಯೊಂಗ್ಲೆ ಮಾರುಕಟ್ಟೆಯ ಕಟ್ಟಡವಿದೆ. ನೆಲಮಹಡಿಯನ್ನೇ ಒಂದೆಂದು ಎಣಿಸಿದರೆ, ಎರಡನೇ ಮಹಡಿಯ ತುಂಬ ಬಟ್ಟೆಯ ಥಾನುಗಳು, ಮೂರನೇ ಮಹಡಿಯಲ್ಲಿ ದರ್ಜಿಗಳು. ಮೊದಲು ಮೂರಕ್ಕೇ ಹೋಗುವುದು ಒಳ್ಳೆಯದು, ಏಕೆಂದರೆ ಚೀನೀ ಗಂಟು ಗೋಡೆಗೆ ತೂಗುವ ಅಲಂಕಾರವಾಗುವ ಮುಂಚೆ ದಿನಬಳಕೆಯ ಗುಂಡಿಯೂ ಆಗಿತ್ತು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಚಿಪಾವ್ ಎಂಬ ಚೀನೀ ಹೆಂಗಸರ ಉಡುಪಿನ ಕುತ್ತಿಗೆಯ ಗುಂಡಿ ಗಟ್ಟಿ ಗಂಟು. ಅದಕ್ಕೆ ಬಟ್ಟೆಯನ್ನು ಓರೆಯಾಗಿ, ಎರಡು ಸೆಂಟಿಮೀಟರ್‌ಗಿಂತ ಸ್ವಲ್ಪ ಅಗಲದ ಪಟ್ಟಿಯಾಗಿ ಕತ್ತರಿಸಿ, ಅಂಚು ಒಳಗೆ ಮಡಚಿ ಹುರಿಯ ಹಾಗೆ ಹೊಲಿಯುತ್ತಾರೆ. ನೇರ ಕತ್ತರಿಸಿದ ಪಟ್ಟಿ ತಿರುವಿನಲ್ಲಿ ಸುಕ್ಕುಗಟ್ಟುತ್ತದೆ, ಓರೆ ಪಟ್ಟಿ ಹಿಗ್ಗಿ ಬಾಗುತ್ತದೆ. ಎರಡು ತುದಿಯನ್ನೂ ಸಮನಾಗಿ ಎಳೆದರೆ ಗುಂಡಿ ದುಂಡಗೆ ಕೂರುತ್ತದೆ. ಒಂದೇ ತುದಿ ಜಗ್ಗಿದರೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಕುಣಿಕೆಯಿಂದ ಸುಲಭವಾಗಿ ಜಾರುತ್ತದೆ.

ಪಕ್ಕದಲ್ಲೇ 1859ರ ಶಿಯಾಹಾಯ್ ನಗರದೇವತೆಯ ಗುಡಿ ಇದೆ. ಜೋಡಿ ಕೂಡಿಸುವ ಮುದುಕ ದೇವರಿಗೆ ಹರಕೆ ಹೊತ್ತವರು ಇಲ್ಲಿಂದ ಕೆಂಪು ದಾರ ತೆಗೆದುಕೊಂಡು ಹೋಗಿ ಜೋಪಾನ ಮಾಡುತ್ತಾರೆ. ಚೀನೀಯರಿಗೆ ಕೆಂಪು ಶುಭದ ಬಣ್ಣ, ಈ ಗಂಟುಗಳು ಹೆಚ್ಚಾಗಿ ಕೆಂಪಾಗಿರುವುದೂ ಅದಕ್ಕೇ.

ದಾರ ಕೊಳ್ಳಲು ತೈಪೆ ಮುಖ್ಯ ರೈಲು ನಿಲ್ದಾಣದ ಹಿಂದುಗಡೆಯ ಬೀದಿಗಳಿಗೆ ಹೋಗಬೇಕು. ಮಣಿ, ದಾರ, ಕುಚ್ಚು ಮಾರುವ ಅಂಗಡಿಗಳು ಅಲ್ಲಿ ಸಾಲುಗಟ್ಟಿವೆ. ಗಂಟಿನ ದಾರವನ್ನು ನಂಬರಿನಲ್ಲಿ ಕೇಳುತ್ತಾರೆ. ನಂಬರ್ ದೊಡ್ಡದಾದಷ್ಟೂ ದಾರ ಸಣ್ಣ. ಕಲಿಯುವವರಿಗೆ 5ನೇ ನಂಬರ್, ಅಂದರೆ ಸುಮಾರು 2.5 ಮಿಲಿಮೀಟರ್ ದಪ್ಪದ್ದು, ಸರಿಯಾದ ಆಯ್ಕೆ. ಎಳೆ ಎಲ್ಲಿಂದೆಲ್ಲಿಗೆ ಹೋಯಿತೆಂದು ಕಣ್ಣಿಗೆ ಕಾಣುತ್ತದೆ. ಮಣಿ, ಪದಕಕ್ಕೆ ‘ಜೇಡ್ ದಾರ’ ಎಂದು ಕರೆಯುವ 72ನೇ ನಂಬರಿನ ತೆಳು ದಾರ, ಸುಮಾರು 0.8 ಮಿಲಿಮೀಟರ್. ಕೊಳ್ಳುವ ಮುಂಚೆ ದಾರವನ್ನು ಬೆರಳಿಗೆ ಸುತ್ತಿ ನೋಡಿ. ಒಳಗೆ ತಿರುಳು ಇಲ್ಲದ ದಾರ ಚಪ್ಪಟೆಯಾಗುತ್ತದೆ, ಅದರಲ್ಲಿ ಕಟ್ಟಿದ ಗಂಟಿನ ಕಿವಿಗಳು, ಅಂದರೆ ಹೊರಚಾಚಿದ ಕುಣಿಕೆಗಳು, ಜೋತುಬೀಳುತ್ತವೆ. ಮಣಿಗೆ ದಾರ ಬೇಕಾದರೆ ಮಣಿಯನ್ನೇ ಜೊತೆಗೆ ಒಯ್ಯಿರಿ, ತೂತಿನ ಅಳತೆ ಅಂದಾಜಿಗೆ ಸಿಗುವುದಲ್ಲ.

ಮಧ್ಯಾಹ್ನ ಜೇಡ್ ಸಂತೆ. ಕೆಂಪು ಮಾರ್ಗದ ದಾಆನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು, ಜಿಯಾಂಗುವೊ ಮೇಲುಸೇತುವೆಯ ಕೆಳಗಿನ ಹೂವಿನ ಸಂತೆ ದಾಟಿದರೆ ಅದೇ ಸೇತುವೆಯಡಿ ಕಲ್ಲಿನ ಸಂತೆ ಶುರುವಾಗುತ್ತದೆ. ಕಲ್ಲಿಗಿಂತ ದಾರ ಕಟ್ಟುವವರ ಮೇಜಿನ ಮುಂದೆ ಹೆಚ್ಚು ಹೊತ್ತು ನಿಲ್ಲುವುದು ಲಾಭ. ಗಿರಾಕಿ ಪದಕ ಕೊಟ್ಟರೆ ಅಲ್ಲೇ ಕಟ್ಟಿಕೊಡುತ್ತಾರೆ. ದಾರದ ತುದಿಯನ್ನು ಬೆಂಕಿಗೆ ತೋರಿಸಿ, ಮೆತ್ತಗಿರುವಾಗಲೇ ಹೊಸೆದು ಸೂಜಿಯ ಹಾಗೆ ಚೂಪು ಮಾಡಿ ತೂತಿಗೆ ನುಗ್ಗಿಸುತ್ತಾರೆ. ಕತ್ತಿನ ಹಿಂದೆ ಸರಿದಾಡುವ ಬೀಗಕ್ಕೆ ಎರಡೂ ತುದಿಗಳನ್ನು ಎದುರುಬದುರಾಗಿ ಇಟ್ಟು, ಬೇರೆ ತುಂಡು ದಾರದಿಂದ ಅವುಗಳ ಮೇಲೆ ನಾಲ್ಕೈದು ಚಪ್ಪಟೆ ಗಂಟು ಹಾಕುತ್ತಾರೆ. ಪ್ರತಿ ಗಂಟು ಹಾಕಿದ ಮೇಲೂ ಒಮ್ಮೆ ಸರಿಸಿ ನೋಡುವುದನ್ನು ಗಮನಿಸಿ. ಬಿಗಿ ಹೆಚ್ಚಾದರೆ ಬೀಗ ಕದಲದು, ಕಡಿಮೆಯಾದರೆ ಪದಕದ ಭಾರಕ್ಕೇ ಜಾರುತ್ತದೆ.

ಆ ರಾತ್ರಿಯೇ ಕೋಣೆಯಲ್ಲಿ ಒಂದು ಗಂಟು ಕಟ್ಟಿ ನೋಡಿ. ಮರುದಿನದ ವಸ್ತುಸಂಗ್ರಹಾಲಯ ಆಗ ಬೇರೆಯಾಗಿ ಕಾಣುತ್ತದೆ. ಮೊದಲಿಗೆ ಮಂಗಳದ ಗಂಟು ಒಳ್ಳೆಯದು. 5ನೇ ನಂಬರಿನ ಒಂದೂವರೆ ಮೀಟರ್ ದಾರವನ್ನು ನಡುವೆ ಮಡಚಿ. ಮಡಿಕೆ ಮೇಲೆ, ಎಡಕ್ಕೊಂದು ಬಲಕ್ಕೊಂದು ಕುಣಿಕೆ, ಎರಡು ತುದಿ ಕೆಳಗೆ: ಒಟ್ಟು ನಾಲ್ಕು ಕೈ. ಕುಣಿಕೆಗಳು ಎಂಟು ಸೆಂಟಿಮೀಟರಿಗೆ ಕಡಿಮೆ ಬೇಡ. ಜೋಡಿ ತುದಿಯನ್ನು ಮೇಲಕ್ಕೆ ಮಡಚಿ ಬಲಗೈ ಮೇಲೆ ಹಾಯಿಸಿ. ಬಲಗೈಯನ್ನು ಅದರ ಮೇಲಿಂದ ಮಡಚಿ ಮೇಲಿನ ಕೈ ದಾಟಿಸಿ. ಮೇಲಿನದನ್ನು ಕೆಳಕ್ಕೆ ಮಡಚಿ ಎಡಗೈ ದಾಟಿಸಿ. ಎಡಗೈಯನ್ನು ಮಾತ್ರ ಮೇಲೆ ಬಿಡದೆ, ಮೊದಲ ಮಡಿಕೆಯಲ್ಲಿ ಉಳಿದ ಸಂದಿಯೊಳಗೆ ತೂರಿಸಿ. ಈ ತೂರಿಸುವಿಕೆ ತಪ್ಪಿದರೆ ಎಳೆದ ಕೂಡಲೇ ಎಲ್ಲ ಬಿಚ್ಚಿಹೋಗುತ್ತದೆ. ನಾಲ್ಕೂ ಕೈಗಳನ್ನು ಸಮನಾಗಿ ಬಿಗಿದು ಇದನ್ನೇ ಇನ್ನೊಮ್ಮೆ ಮಾಡಿ. ಆಮೇಲೆ ಮೂಲೆಗಳಲ್ಲಿ ಅಡಗಿದ ನಾಲ್ಕು ಎಳೆಗಳನ್ನು ಹೊರಗೆಳೆದರೆ ಮೂರು ದೊಡ್ಡ, ನಾಲ್ಕು ಸಣ್ಣ ಕಿವಿಗಳ ಗಂಟು ಸಿದ್ಧ. ಕುಣಿಕೆ ಗಿಡ್ಡವಾಗಿದ್ದರೆ ಎರಡನೇ ಸುತ್ತು ಅದನ್ನು ನುಂಗಿಬಿಡುತ್ತದೆ.

ಈ ಕಲೆಯ ರಾಜ ಮಾತ್ರ ಪಾನ್‌ಚಾಂಗ್. ಆದಿ ಅಂತ್ಯ ಕಾಣದ ಗಂಟು, ಬೌದ್ಧರ ಅಷ್ಟಮಂಗಳಗಳಲ್ಲಿ ಒಂದು. ನಮ್ಮ ಬೈಲುಕುಪ್ಪೆಯ ಟಿಬೆಟಿಯನ್ ವಿಹಾರಗಳ ಅಲಂಕಾರದಲ್ಲೂ ಇದೇ ಆಕಾರವಿದೆ. ಚಿಕ್ಕ ಪಾನ್‌ಚಾಂಗಿಗೂ ಎರಡು ಮೀಟರ್ ದಾರ, ಗುಂಡುಸೂಜಿ ಚುಚ್ಚಲು ಥರ್ಮೋಕೋಲ್ ಹಲಗೆ, ಎಳೆ ಹಿಡಿಯಲು ಚಿಮುಟ ಬೇಕು. ಮೊದಲು ನಾಲ್ಕು ಉದ್ದ ಎಳೆ, ಅವುಗಳಲ್ಲಿ ಒಂದು ಬಿಟ್ಟು ಒಂದನ್ನು ಎತ್ತಿ ಅಡ್ಡ ಎಳೆ, ಆಮೇಲೆ ಎಲ್ಲದರ ಮೇಲೆ ಹೋಗಿ ಎಲ್ಲದರ ಕೆಳಗೆ ವಾಪಸು ಬರುವ ಎಳೆ, ಕೊನೆಗೆ ಎರಡೂ ಪದರಗಳನ್ನು ಹೊಲಿದು ಹಿಡಿಯುವ ಎಳೆ. ಕೊನೆಯ ಸುತ್ತಿನಲ್ಲಿ ಒಂದನ್ನು ಬಿಟ್ಟರೂ ಆ ಎಳೆ ಮೇಲೆ ತೇಲುತ್ತದೆ. ಅನುಭವಿಗಳೂ ಇಲ್ಲಿ ಚಿತ್ರ ನೋಡಿಕೊಂಡೇ ಎಣಿಸುತ್ತಾರೆ.

ನಿಜವಾದ ಕೆಲಸ ಇದರ ನಂತರದ್ದು. ಸೂಜಿ ಕಿತ್ತಾಗ ಕೈಯಲ್ಲಿರುವುದು ಸಡಿಲ ಜಾಲರಿ. ಎಲ್ಲ ಕಿವಿಗಳನ್ನೂ ಒಟ್ಟಿಗೆ ಸುತ್ತಲೂ ಎಳೆದು ಮೊದಲು ಒಡಲನ್ನು ಚೌಕವಾಗಿ ಕೂರಿಸಬೇಕು. ಆಮೇಲೆ ಮೇಲಿನ ನಡುಗುಣಿಕೆಯಿಂದ ಹೊರಟು, ದಾರ ಹೋದ ದಾರಿಯಲ್ಲೇ ಒಂದೊಂದು ಕಿವಿಯ ಸಡಿಲನ್ನು ಮುಂದಿನದಕ್ಕೆ ತಳ್ಳುತ್ತ ಎರಡೂ ತುದಿಗೆ ತರಬೇಕು. ಅವಸರಕ್ಕೆ ತುದಿಯನ್ನೇ ಜಗ್ಗಿದರೆ ಕೆಳಮೂಲೆ ಕಲ್ಲಾಗಿ, ಮೇಲ್ಭಾಗ ಸಡಿಲಾಗಿ ಉಳಿಯುತ್ತದೆ. ದಾರ ತಿರುಚಿದ ಕಡೆ ಹೊಳಪು ಮುರಿಯುತ್ತದೆ, ಚಿಮುಟದಿಂದ ಬಿಡಿಸಿಯೇ ಮುಂದೆ ಹೋಗಬೇಕು. ಕಟ್ಟುವುದಕ್ಕಿಂತ ಬಿಗಿಯುವುದಕ್ಕೆ ಹೆಚ್ಚು ಹೊತ್ತು ಹಿಡಿದರೆ ಅದು ಸರಿಯಾದ ಲೆಕ್ಕ. ಕೊನೆಗೆ ಕಿವಿಗಳ ಬುಡದಲ್ಲಿ ಅದೇ ಬಣ್ಣದ ನೂಲಿನಿಂದ ಕಾಣದಂತೆ ಹೊಲಿಗೆ ಹಾಕಿದರೆ ಜಾರುವುದಿಲ್ಲ.

ಭಾನುವಾರ ಶಿಲಿನ್ ನಿಲ್ದಾಣದಿಂದ ಕೆಂಪು 30ನೇ ನಂಬರಿನ ಬಸ್ಸು ಅರಮನೆ ವಸ್ತುಸಂಗ್ರಹಾಲಯಕ್ಕೆ ಹೋಗುತ್ತದೆ. ಗಂಟುಗಳಿಗೆಂದೇ ಕೋಣೆ ಹುಡುಕಬೇಡಿ, ಬೇರೆ ವಸ್ತುಗಳ ಅಂಚಿನಲ್ಲಿ ಹುಡುಕಿ. ಶುಭದ ಸಂಕೇತವಾದ ರೂಯಿ ದಂಡಗಳ ತುದಿಯ ಕುಚ್ಚು, ಜೇಡ್ ಪದಕಗಳ ದಾರ, ಚೀನಾದ ಕೊನೆಯ ರಾಜವಂಶವಾದ ಚಿಂಗ್ ಆಸ್ಥಾನದ ಅಧಿಕಾರಿಗಳು ಧರಿಸುತ್ತಿದ್ದ 108 ಮಣಿಗಳ ಹಾರ. ಜಪಮಾಲೆಯಿಂದ ಬಂದ ಆ ಹಾರಕ್ಕೆ ಬೆನ್ನ ಮೇಲೆ ಇಳಿಯುವ ಒಂದು ಪದಕವೂ ಇರುತ್ತದೆ. ಕುಚ್ಚಿನ ಮೇಲಿನ ಗಂಟಿನಲ್ಲಿ ಕಿವಿಗಳು ಎರಡೂ ಬದಿ ಸಮವಾಗಿವೆಯೇ ನೋಡಿ. ಹಿಂದಿನ ರಾತ್ರಿ ಒಂದನ್ನಾದರೂ ಬಿಗಿದ ಬೆರಳಿಗೆ ಅದರ ಬೆಲೆ ತಿಳಿದಿರುತ್ತದೆ.

ದಾರದ ತುದಿ ಸುಡಲು ಲೈಟರ್ ಕೊಂಡಿದ್ದರೆ ವಾಪಸು ಬರುವಾಗ ಅಲ್ಲೇ ಬಿಟ್ಟು ಬನ್ನಿ. ಸೂಜಿ, ಕತ್ತರಿ ಚೆಕ್-ಇನ್ ಲಗೇಜಿಗೆ. ಗಂಟುಗಳನ್ನು ಎರಡು ರಟ್ಟಿನ ನಡುವೆ ಚಪ್ಪಟೆಯಾಗಿಟ್ಟು, ಕುಚ್ಚನ್ನು ಬಾಚಿ ಕಾಗದದ ಕೊಳವೆಯಲ್ಲಿ ಸುತ್ತಿಡಿ. ಆದರೂ ಮುದುಡಿದರೆ ಕುದಿಯುವ ನೀರಿನ ಹಬೆಗೆ ಅರ್ಧ ನಿಮಿಷ ಹಿಡಿದು, ಬಿಸಿ ಆರುವ ತನಕ ನೇರ ತೂಗುಹಾಕಿ.