ತಲೆ ಅಲ್ಲಾಡಿಸಿದರೆ ಹೌದು

ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ಮೊದಲ ದಿನ ಒಂದು ಬಾಟಲಿ ನೀರು ಕೊಳ್ಳಲು ಕುಕ್ಕರಗಾಲಲ್ಲಿ ಕೂರಬೇಕಾಯಿತು. ಅಲ್ಲಿ ಕೆಲವು ಅಂಗಡಿಗಳು ನೆಲಮಾಳಿಗೆಯಲ್ಲಿವೆ. ಕಿಟಕಿ ಇರುವುದು ಫುಟ್‌ಪಾತ್ ಮಟ್ಟಕ್ಕೆ, ನಮ್ಮ ಮೊಣಕಾಲಿನ ಹತ್ತಿರ. 'ಕ್ಲೆಕ್ ಶಾಪ್' ಅಂತಾರೆ. ಕ್ಲೆಕ್ ಅಂದರೆ ಕುಕ್ಕರಿಸುವುದು. ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ, 90ರ ದಶಕದಲ್ಲಿ, ಜನ ತಮ್ಮ ಮನೆಯ ಕೆಳಗಿನ ಉಗ್ರಾಣಗಳನ್ನೇ ಅಂಗಡಿ ಮಾಡಿಕೊಂಡರಂತೆ.

ಭಾವ ಕಷ್ಟಪಟ್ಟು ಕೂತು "ವೊದಾ" ಅಂದರು. ಅದೊಂದು ಪದ ಅವರು ವಿಮಾನದಲ್ಲೇ ಕಲಿತಿದ್ದರು. ಒಳಗಿದ್ದ ಹೆಂಗಸು ಬಾಟಲಿ ಎತ್ತಿ ತೋರಿಸಿ "ಗಜಿರಾನಾ?" ಅಂತ ಕೇಳಿದಳು. ಭಾವ ಹ್ಞೂಂ ಅಂತ ತಲೆ ಮೇಲೆ ಕೆಳಗೆ ಆಡಿಸಿದರು. ಆಕೆ ಬಾಟಲಿ ಒಳಗಿಟ್ಟಳು. ಇನ್ನೊಂದು ತೆಗೆದಳು. ಭಾವ ಇನ್ನೂ ಜೋರಾಗಿ ಹ್ಞೂಂ ಅಂದರು. ಅದೂ ಒಳಗೆ ಹೋಯಿತು. ಮೂರನೆಯದಕ್ಕೂ ಅದೇ ಗತಿ. "ಏನೋ ಇದು, ಕೊಡೋಕೆ ಮನಸ್ಸಿಲ್ವಾ ಇವಳಿಗೆ?" ಅಂತ ನನ್ನ ಕಡೆ ತಿರುಗಿದರು. ಅವರ ಮಂಡಿ ಆಗಲೇ ನೋಯಲು ಶುರುವಾಗಿತ್ತು.

ಬಲ್ಗೇರಿಯಾದಲ್ಲಿ ತಲೆ ಮೇಲೆ ಕೆಳಗೆ ಆಡಿಸಿದರೆ ಬೇಡ. ಅಡ್ಡಡ್ಡ ಅಲ್ಲಾಡಿಸಿದರೆ ಹೌದು. ನಾವು 'ಆಯ್ತು ಆಯ್ತು, ಸರಿ' ಅನ್ನುವಾಗ ತಲೆಯನ್ನು ಆಚೆ ಈಚೆ ತೂಗುತ್ತೇವಲ್ಲ, ಅದು ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಬಗ್ಗಿ ಒಂದು ಸಲ ಹಾಗೆ ತೂಗಿದೆ. ನೀರು ಬಂತು. ಬಾಯಿಗಿಟ್ಟರೆ ಸೋಡಾ! ಗಜಿರಾನಾ ಅಂದರೆ ಗ್ಯಾಸ್ ಇರುವ ನೀರು. ಮಾಮೂಲಿ ನೀರು ಬೇಕಿದ್ದರೆ 'ನೆಗಜಿರಾನಾ' ಅನ್ನಬೇಕು.

ಇದರಲ್ಲಿ ಇನ್ನೊಂದು ತೊಡಕಿದೆ. ಎದುರಿಗಿರುವವರು ವಿದೇಶದವರು ಅಂತ ಗೊತ್ತಾದರೆ ಕೆಲವು ಹುಡುಗರು ಬೇಕಂತಲೇ ನಮ್ಮ ಥರ ತಲೆ ಆಡಿಸುತ್ತಾರೆ. ಆಗ ಯಾರು ಯಾರ ಲೆಕ್ಕದಲ್ಲಿ ಆಡಿಸಿದರು ಅಂತಲೇ ತಿಳಿಯುವುದಿಲ್ಲ. ತಲೆ ನೋಡಬೇಡಿ, ಕಿವಿ ಕೊಡಿ. 'ದಾ' ಅಂದರೆ ಹೌದು, 'ನೆ' ಅಂದರೆ ಇಲ್ಲ.

ಭಾವನಿಗೆ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ. ಬೆಳಿಗ್ಗೆ ಎದ್ದು ಮೊದಲು ರಾಶಿ ಅಡಿಕೆ ರೇಟು ನೋಡುತ್ತಾರೆ, ಆಮೇಲೆ ಬಿಟ್‌ಕಾಯಿನ್ ರೇಟು. ಎರಡೂ ಏರಿಳಿಯುವ ರೀತಿ ಒಂದೇ ಅಂತ ಅವರ ವಾದ. 2025ರ ಅಕ್ಟೋಬರಿನಲ್ಲಿ ದೋಹಾ ಮೇಲೆ ಸೋಫಿಯಾಕ್ಕೆ ಹೊರಟಾಗ ಅವರದ್ದೊಂದು ಹಟ. ಒಂದು ವಾರ ಪೂರ್ತಿ ಕ್ರಿಪ್ಟೊದಲ್ಲೇ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣದಲ್ಲೇ, ಖರ್ಚು ನಡೆಸಬೇಕು, ಫೋರೆಕ್ಸ್ ಕಾರ್ಡ್ ಬೇಡ. ಕ್ರಿಪ್ಟೊ ಕಂಪನಿಗಳು ಬೆಳೆದ ಊರು, ಯಾಕೆ ನಡೆಯಲ್ಲ ಅಂದರು. ನಾನು ಸುಮ್ನೆ ಹ್ಞೂಂ ಅಂದು ಒಟ್ಟು 300 ಯೂರೊ ನಗದು ಬ್ಯಾಗಿನ ತಳದಲ್ಲಿ ಇಟ್ಟುಕೊಂಡೆ.

ಏರ್‌ಪೋರ್ಟಿನ ಎರಡನೇ ಟರ್ಮಿನಲ್‌ನಿಂದಲೇ ಮೆಟ್ರೊ ಇದೆ. ಆಗ ಟಿಕೆಟ್ 1.60 ಲೆವ್ ಇತ್ತು; ಲೆವ್ ಅಂದರೆ ಅಲ್ಲಿನ ಆಗಿನ ಹಣ. ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ಮುಟ್ಟಿಸಿದರೂ ಸಾಕು. ಅಲ್ಲಿ ಮುಟ್ಟಿಸಿದ್ದು ನನ್ನ ಕಾರ್ಡ್. ಸೆರ್ದಿಕಾ ಸ್ಟೇಷನ್ನಿನಲ್ಲಿ ಇಳಿದರೆ ರೋಮನ್ನರ ಕಾಲದ ಬೀದಿ, ಗೋಡೆಗಳ ನಡುವೆಯೇ ಹೊರಗೆ ಬರುತ್ತೀರಿ. ಮೆಟ್ರೊಗೆ ಅಗೆದಾಗ ಸಿಕ್ಕಿದ್ದನ್ನು ಹಾಗೇ ಉಳಿಸಿಕೊಂಡಿದ್ದಾರೆ.

ಬೋರ್ಡ್ ಓದುವುದೇ ಒಂದು ಆಟ. ಸಿರಿಲಿಕ್ ಲಿಪಿ ಬೆಳೆದದ್ದೇ ಈ ನೆಲದಲ್ಲಿ. ಮೇ 24ರಂದು ಅಕ್ಷರಕ್ಕೆ, ಓದಿಗೆ ಅಂತಲೇ ಅಲ್ಲಿ ಸರ್ಕಾರಿ ರಜೆ. ನಮಗೆ ಮೋಸ ಮಾಡುವುದು ಇಂಗ್ಲಿಷಿನ ವೇಷದಲ್ಲಿರುವ ಅಕ್ಷರಗಳು. 'ಪಿ' ಥರ ಕಾಣುವುದು ರ, 'ಸಿ' ಥರದ್ದು ಸ, 'ಎಚ್' ಥರದ್ದು ನ, 'ಬಿ' ಥರದ್ದು ವ. ಭಾವ ಒಂದು ಬೋರ್ಡನ್ನು 'ಪೆಕ್ಟೊಪಾಹ್ಟ್' ಅಂತ ಗಟ್ಟಿಯಾಗಿ ಓದಿದರು. ಅದು ರೆಸ್ತೊರಾಂತ್, ಹೋಟೆಲು! ಆದರೆ ಉಚ್ಚಾರಣೆ ನಮಗೆ ಕಷ್ಟವಲ್ಲ. ಇಂಗ್ಲಿಷಿನವರು ತಡವರಿಸುವ ಒಂದು ಸ್ವರ ಅವರಲ್ಲಿದೆ. ಅದು ಹೆಚ್ಚು ಕಡಿಮೆ ನಮ್ಮ 'ಅ'. 'ದೋಬರ್ ದೆನ್', ಅಂದರೆ ನಮಸ್ಕಾರ, ಇದರ 'ಬರ್' ಅನ್ನು ನಮ್ಮ 'ಬರ' ಹೇಳುವ ಹಾಗೇ ಹೇಳಿದರೆ ಆಯಿತು.

ವಂದನೆಗೆ 'ಬ್ಲಗೊದರ್ಯಾ'. ನಾಲಿಗೆ ಹೊರಳದಿದ್ದರೆ 'ಮೆರ್ಸಿ' ಅನ್ನಿ, ಅವರೂ ದಿನಾ ಅದನ್ನೇ ಹೇಳುತ್ತಾರೆ. 'ಮೋಲ್ಯಾ' ಅನ್ನುವುದು ದಯವಿಟ್ಟು ಅನ್ನುವುದಕ್ಕೂ ಆಗುತ್ತದೆ, ಪರವಾಗಿಲ್ಲ ಬಿಡಿ ಅನ್ನುವುದಕ್ಕೂ ಆಗುತ್ತದೆ. ಬೆಲೆ ಕೇಳಲು 'ಕೋಲ್ಕೊ ಸ್ತ್ರುವಾ'. ಬಿಲ್ ಬೇಕಾದರೆ 'ಸ್ಮೆತ್ಕತಾ, ಮೋಲ್ಯಾ'. ಸಸ್ಯಾಹಾರಿಗಳು 'ಬೆಜ್ ಮೆಸೊ', ಅಂದರೆ ಮಾಂಸ ಇಲ್ಲದ್ದು, ಅಂತ ಬಾಯಿಪಾಠ ಮಾಡಿಕೊಳ್ಳಿ. ನಾನು ವಾರವಿಡೀ ಬದುಕಿದ್ದು ಚೀಸ್ ತುಂಬಿದ ಬಾನಿತ್ಸಾ ಮತ್ತು ತಾರಾತೋರ್ ಮೇಲೆ. ತಾರಾತೋರ್ ಅಂದರೆ ನಮ್ಮ ಸೌತೆಕಾಯಿ ಮೊಸರು ಬಜ್ಜಿಗೆ ನೀರು ಜಾಸ್ತಿ ಹಾಕಿ, ಬೆಳ್ಳುಳ್ಳಿ, ಸಬ್ಬಸಿಗೆ, ಅಕ್ರೋಟು ಸೇರಿಸಿದ ಹಾಗೆ. ಮೊಸರಿನ ಬಗ್ಗೆ ಅವರಿಗೆ ವಿಪರೀತ ಹೆಮ್ಮೆ. ಮೊಸರಿನ ಬ್ಯಾಕ್ಟೀರಿಯಾದ ಹೆಸರಿನಲ್ಲೇ 'ಬಲ್ಗಾರಿಕಸ್' ಇದೆ. 1905ರಲ್ಲಿ ಅದನ್ನು ಗುರುತಿಸಿದವರು ಸ್ತಾಮೆನ್ ಗ್ರಿಗೊರೊವ್ ಅನ್ನುವ ಬಲ್ಗೇರಿಯಾದ ವಿದ್ಯಾರ್ಥಿ.

ಇನ್ನು ಹಣದ ವಿಷಯ. ಎರಡನೇ ದಿನ ಬಿಟ್‌ಕಾಯಿನ್ ಎಟಿಎಂ ಹುಡುಕಿಕೊಂಡು ಹೋದೆವು. ಒಂದು ಅಂಗಡಿಯ ಮೂಲೆಯಲ್ಲಿತ್ತು. ಭಾವ ಫೋನಿನಲ್ಲಿ ಮಾರುಕಟ್ಟೆ ರೇಟು ತೆಗೆದು ಯಂತ್ರದ ರೇಟಿನ ಪಕ್ಕ ಹಿಡಿದರು. ನೂರಕ್ಕೆ ಎಂಟರಷ್ಟು ಕಮ್ಮಿ. "ನಮ್ಮ ಮಂಡಿಯಲ್ಲಿ ಇಷ್ಟು ಕಮಿಷನ್ ಮುರಿದರೆ ರೈತರು ತಕ್ಕಡಿ ಸಮೇತ ಎತ್ತಿಕೊಂಡು ಹೋಗ್ತಾರೆ" ಅಂದರು. ಆದರೂ ಹಟ ಬಿಡಲಿಲ್ಲ. ಫೋನ್ ನಂಬರ್ ಹಾಕಿ ಅಂದಿತು. ಹಾಕಿದರು. ಕೋಡ್ ಕಳಿಸಿದ್ದೇವೆ ಅಂದಿತು. ಅವರ ಸಿಮ್‌ಗೆ ರೋಮಿಂಗ್ ಇರಲಿಲ್ಲ. ಕೋಡ್ ಎಲ್ಲಿಗೆ ಬರಬೇಕು? ಹತ್ತು ನಿಮಿಷ ಯಂತ್ರದ ಮುಂದೆ ದೇವರ ಮುಂದೆ ನಿಂತ ಹಾಗೆ ನಿಂತೆವು. ಅಂಗಡಿ ಹುಡುಗ ಬಂದು "ನೆ ರಬೊತಿ?" ಅಂದ. ಕೆಲಸ ಮಾಡ್ತಿಲ್ವಾ ಅಂತ. ಭಾವ ಈ ಸಲ ಸರಿಯಾಗಿ ತಲೆ ಅಡ್ಡಡ್ಡ ಅಲ್ಲಾಡಿಸಿದರು.

ಕ್ರಿಪ್ಟೊ ನಂಬಿ ಹೋಗುವವರು ರೋಮಿಂಗ್ ಹಾಕಿಸಿಕೊಳ್ಳಿ. ವಾಲೆಟ್, ಅಂದರೆ ಕ್ರಿಪ್ಟೊ ಇಡುವ ಡಿಜಿಟಲ್ ಪರ್ಸು, ಮತ್ತೆ ತೆರೆಯಲು ಬೇಕಾಗುವ ಗುಟ್ಟಿನ ಪದಗಳನ್ನು ಬರೆದ ಚೀಟಿ ಮನೆಯಲ್ಲೇ ಇರಲಿ, ಬ್ಯಾಗಿನಲ್ಲಿ ಬೇಡ. ಹೋಟೆಲ್ ವೈಫೈನಲ್ಲಿ ದೊಡ್ಡ ಮೊತ್ತ ಮುಟ್ಟಬೇಡಿ. ಇನ್ನೊಂದನ್ನು ಭಾವನಿಗೆ ನಾನೇ ನೆನಪಿಸಿದೆ. 2022ರ ಏಪ್ರಿಲ್‌ನಿಂದ ನಮ್ಮಲ್ಲಿ ಕ್ರಿಪ್ಟೊ ಲಾಭಕ್ಕೆ 30 ಪರ್ಸೆಂಟ್ ತೆರಿಗೆ. ಸೋಫಿಯಾದಲ್ಲಿ ಕಾಫಿಗೆ ಕೊಟ್ಟರೂ ಅದು ಮಾರಿದ ಲೆಕ್ಕವೇ. ಹೊರಡುವ ಮುಂಚೆ ಆಡಿಟರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಕೊನೆಗೆ ನನ್ನ ಯೂರೊ ನೋಟುಗಳೇ ಹೊರಗೆ ಬಂದವು. ಹಣ ಬದಲಿಸುವ ಅಂಗಡಿಯ ಬೋರ್ಡಿನಲ್ಲಿ ಎರಡು ಸಾಲು ಇರುತ್ತವೆ: 'ಕುಪುವಾ', ಅವರು ಕೊಳ್ಳುವ ರೇಟು, 'ಪ್ರೊದಾವಾ', ಮಾರುವ ರೇಟು. ಪ್ರವಾಸಿಗಳ ಬೀದಿಯಲ್ಲಿ ಕೆಲವರು ಮಾರುವ ರೇಟನ್ನೇ ದೊಡ್ಡದಾಗಿ ತೋರಿಸಿ, ಕಮಿಷನ್ ಇಲ್ಲ ಅಂತ ಕೆಳಗೆ ಬರೆದಿರುತ್ತಾರೆ. ಕಮಿಷನ್ ರೇಟಿನಲ್ಲೇ ಕೂತಿರುತ್ತದೆ. ಇದನ್ನು ಭಾವ ದೂರದಿಂದಲೇ ಹಿಡಿದರು. ದಲ್ಲಾಳಿ ಕಣ್ಣು!

ಅಧಿಕೃತ ದರ ಒಂದು ಯೂರೊಗೆ 1.95583 ಲೆವ್, ವರ್ಷಗಳಿಂದ ಒಂದು ಚೂರೂ ಅಲ್ಲಾಡಿಲ್ಲ ಅಂದಾಗ ಭಾವ ನಿಂತೇಬಿಟ್ಟರು. 1997ರ ಫೆಬ್ರವರಿ ಒಂದೇ ತಿಂಗಳಲ್ಲಿ ಅಲ್ಲಿ ಬೆಲೆಗಳು ಮೂರು ಪಟ್ಟಿಗೂ ಮೇಲೆ ಏರಿದ್ದವು. ಬ್ಯಾಂಕುಗಳು ಮುಳುಗಿದವು. ಆ ವರ್ಷ ಜುಲೈನಲ್ಲಿ ಲೆವ್ ಅನ್ನು ಜರ್ಮನಿಯ ಮಾರ್ಕಿಗೆ ಕಟ್ಟಿಹಾಕಿದರು. ಚಲಾವಣೆಯಲ್ಲಿರುವ ಲೆವ್‌ಗೆಲ್ಲ ಸಮನಾದ ವಿದೇಶಿ ಹಣ ಕೇಂದ್ರ ಬ್ಯಾಂಕಿನಲ್ಲಿ ಇರಬೇಕು ಅಂತ ಕಾನೂನು ಮಾಡಿದರು. ಮಾರ್ಕ್ ಹೋಗಿ ಯೂರೊ ಬಂದ ಮೇಲೆ ಗಂಟು ಯೂರೊಗೆ ಬಿತ್ತು. "ಇದಕ್ಕಿಂತ ಸ್ಟೇಬಲ್‌ಕಾಯಿನ್ ಇನ್ನೆಲ್ಲಿ ಸಿಗುತ್ತೋ?" ಅಂದರು ಭಾವ. ಬೆಲೆ ಏರಿಳಿಯದಂತೆ ಡಾಲರಿನಂಥ ಹಣಕ್ಕೆ ಕಟ್ಟಿದ ಕ್ರಿಪ್ಟೊಗೆ ಸ್ಟೇಬಲ್‌ಕಾಯಿನ್ ಅಂತಾರೆ. ನಾವು ಹೋದಾಗ ಪ್ರತಿ ಅಂಗಡಿಯಲ್ಲೂ ಲೆವ್, ಯೂರೊ ಎರಡರಲ್ಲೂ ಬೆಲೆ ಬರೆದಿದ್ದರು. 2026ರ ಜನವರಿ 1ರಿಂದ ಯೂರೊ ಬಂದಿದೆ. ಈಗ ಹೋಗುವವರು ಯಾರಾದರೂ ಲೆವ್ ನೋಟು ಕೊಡಲು ಬಂದರೆ ತೆಗೆದುಕೊಳ್ಳಬೇಡಿ.

ಸ್ಲಾವೆಯ್ಕೊವ್ ಚೌಕದಲ್ಲಿ ಕವಿಗಳಾದ ಅಪ್ಪ, ಮಗ ಇಬ್ಬರ ಕಂಚಿನ ಪ್ರತಿಮೆಗಳು ಒಂದು ಬೆಂಚಿನ ಮೇಲೆ ಕೂತಿವೆ. ಅವರ ನಡುವೆ ಕೂತು ಫೋಟೊ ತೆಗೆಸಿಕೊಂಡೆವು. ವನ್‌ಕಾಯಿನ್ ಅನ್ನುವ ದೊಡ್ಡ ಕ್ರಿಪ್ಟೊ ಮೋಸ ನಡೆದದ್ದೂ ಇದೇ ಊರಿನಿಂದ. ರುಯಾ ಇಗ್ನಾತೊವಾ 2014ರಲ್ಲಿ ಶುರು ಮಾಡಿದ ಆ ಕಾಯಿನ್ ಹಿಂದೆ ಬ್ಲಾಕ್‌ಚೈನೇ, ಅಂದರೆ ಕ್ರಿಪ್ಟೊದ ವ್ಯವಹಾರ ಬರೆದಿಡುವ ಹಂಚಿಕೆಯ ಲೆಕ್ಕದ ಪುಸ್ತಕವೇ, ಇರಲಿಲ್ಲ ಅನ್ನುತ್ತದೆ ಅಮೆರಿಕದ ತನಿಖೆ. ದೋಚಿದ್ದು 400 ಕೋಟಿ ಡಾಲರ್. 2017ರ ಅಕ್ಟೋಬರ್ 25ರಂದು ಆಕೆ ಸೋಫಿಯಾದಿಂದ ಅಥೆನ್ಸ್‌ಗೆ ವಿಮಾನ ಹತ್ತಿದರು, ಮತ್ತೆ ಕೈಗೆ ಸಿಗಲಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ಅವರ ತಲೆಗೆ ಕಟ್ಟಿರುವ ಬಹುಮಾನ 50 ಲಕ್ಷ ಡಾಲರ್. 2017ರಲ್ಲೇ ನವಿ ಮುಂಬೈನಲ್ಲೂ ಈ ಕಾಯಿನ್ ಮಾರುತ್ತಿದ್ದವರನ್ನು ಪೊಲೀಸರು ಹಿಡಿದಿದ್ದರು. ಭಾವ ಮೆಲ್ಲಗೆ ಬಾಯಿಬಿಟ್ಟರು. ಅವರಿಗೂ ಆ ಕಾಲದಲ್ಲಿ ಒಂದು ಮದುವೆಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಯಾರೋ ಇಂಥದ್ದೇ ಯಾವುದೋ ಕಾಯಿನ್ ಹಚ್ಚಲು ನೋಡಿದ್ದರಂತೆ. ಹೋಳಿಗೆ ಬಡಿಸಲು ಬಂದರು, ಮಾತು ತಪ್ಪಿತು, ದುಡ್ಡು ಉಳಿಯಿತು.

ಪ್ಲೊವ್ದಿವ್‌ಗೆ ಬಸ್ಸಿನಲ್ಲಿ ಎರಡು ಗಂಟೆ. ರೋಮನ್ನರ ರಂಗಮಂದಿರ ಚೆನ್ನಾಗಿದೆ, ಹೋಗಿ. ನಾನು ಹೇಳಬೇಕಿರುವುದು ವಾರ್ನಾ ಬಗ್ಗೆ.

ಕಪ್ಪು ಸಮುದ್ರದ ದಡದ ಊರು ವಾರ್ನಾ. 1972ರಲ್ಲಿ ಅಲ್ಲಿ ಕೇಬಲ್ ಹೂಳಲು ನೆಲ ಅಗೆಯುವಾಗ ಯಂತ್ರದ ಚಾಲಕನ ಕಣ್ಣಿಗೆ ಏನೋ ಹೊಳೆಯಿತು. ಸುಮಾರು 6,500 ವರ್ಷ ಹಿಂದಿನ ಸ್ಮಶಾನ. ಮೂರು ಸಾವಿರಕ್ಕೂ ಹೆಚ್ಚು ಚಿನ್ನದ ವಸ್ತು, ಆರು ಕಿಲೊದಷ್ಟು. ಮನುಷ್ಯ ಚಿನ್ನವನ್ನು ಒಡವೆ ಮಾಡಿದ್ದಕ್ಕೆ ಸಿಕ್ಕಿರುವ ಅತಿ ಹಳೆಯ ಗುರುತುಗಳಲ್ಲಿ ಇದೂ ಒಂದು. ಮ್ಯೂಸಿಯಂನಲ್ಲಿ 43ನೇ ಸಮಾಧಿಯನ್ನು ಇದ್ದ ಹಾಗೇ ಜೋಡಿಸಿಟ್ಟಿದ್ದಾರೆ. ಅಸ್ಥಿಪಂಜರ, ತೋಳಿನಲ್ಲಿ ಚಿನ್ನದ ಬಳೆ, ಕೈಯ ಹತ್ತಿರ ಚಿನ್ನ ಸುತ್ತಿದ ಕೊಡಲಿ. ಅಲ್ಲಿನ ಕೆಲವು ಸಮಾಧಿಗಳಲ್ಲಿ ಹೆಣವೇ ಇರಲಿಲ್ಲವಂತೆ. ಬರೀ ಚಿನ್ನ ಮತ್ತು ಬೇರೆ ವಸ್ತುಗಳು.

ಭಾವ ಬಹಳ ಹೊತ್ತು ಗಾಜಿಗೆ ಮೂಗು ತಾಗಿಸಿ ನಿಂತರು. "ಒಡೆಯನಿಲ್ಲ, ಚಿನ್ನ ಇದೆ" ಅಂದರು. "ಕೀ ಕಳೆದುಹೋದ ವಾಲೆಟ್ಟು ನೋಡು."

ಅಷ್ಟರಲ್ಲಿ ಅಕ್ಕನ ವಿಡಿಯೊ ಕಾಲ್ ಬಂತು. ಹೊರಗೆ ಹೋಗಿ ಮಾತಾಡಿದೆವು. ಇಷ್ಟು ಚಿನ್ನ ನೋಡಿದೆವು ಅಂತ ನಾನು ಹೇಳಬಾರದಿತ್ತು. "ಹಾಗಾದ್ರೆ ನನಗೂ ಏನಾದ್ರೂ ತಗೊಂಡು ಬರ್ತೀರಾ?" ಅಂತ ಅಕ್ಕ ಕೇಳಿದಳು. ಭಾವ ಫೋನಿನ ಮುಂದೆ ತಲೆ ಅಡ್ಡಡ್ಡ ಅಲ್ಲಾಡಿಸಿದರು. ಯಾವ ದೇಶದ ಲೆಕ್ಕದಲ್ಲಿ ಅಂತ ಅಕ್ಕ ಕೇಳಲಿಲ್ಲ. ಫೋನ್ ಇಟ್ಟಳು.