ಆಕಾಶ ಅಷ್ಟು ನೀಲಿ ಹೇಗೆ ಬಂತು ಅಂತ ಕೇಳುವವರಿಗೆ

"ಚಿಟ್ಟೆ ಅಷ್ಟು ಹಳದಿ, ಆಕಾಶ ಅಷ್ಟು ನೀಲಿ. ಬಣ್ಣ ಎಡಿಟ್ ಮಾಡಿ ಹೆಚ್ಚಿಸಿದ್ದೀರಿ, ಅಲ್ವಾ?" ಫೋಟೋ ತೋರಿಸಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಜಾಸ್ತಿ ಕೇಳುವವರು ನಮ್ಮ ಕೊಪ್ಪಳದವರೇ. ಅವರ ಅನುಮಾನ ನನಗೆ ಅರ್ಥವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ತಲೆ ಎತ್ತಿ ನೋಡಿದರೆ ಸುಣ್ಣದ ತಿಳಿ ಬಳಿದ ಹಾಗೆ ಎಲ್ಲ ಬೆಳ್ಳಗೆ ಇರುತ್ತದೆ. ಆ ಆಕಾಶ ನೋಡಿದವರು ಈ ನೀಲಿಯನ್ನು ನಂಬುವುದು ಕಷ್ಟ.

ನಾನು ಬಣ್ಣ ಹೆಚ್ಚಿಸುವುದಿಲ್ಲ. ಸೆಪ್ಟೆಂಬರಿನ ಉತ್ತರಿ ಮಳೆಗೆ ಕಾಯುತ್ತೇನೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದೇ 600 ಮಿ.ಮೀ. ಆಸುಪಾಸು ಮಳೆ. ಅದರಲ್ಲಿ ಸೆಪ್ಟೆಂಬರ್ ಪಾಲು ದೊಡ್ಡದು. ಎರಡು ದಿನ ಸುರಿದು ಮೂರನೇ ದಿನ ಬೆಳಿಗ್ಗೆ ಹೊಳವಾದರೆ ನಾನು ಮನೆಯಲ್ಲಿ ನಿಲ್ಲುವುದಿಲ್ಲ. ಬಿಸಿಲಿನ ಬೆಳಕು ಗಾಳಿಯ ಅಣುಗಳಿಗೆ ತಾಗಿ ಚದುರುವಾಗ ನೀಲಿ ಬಣ್ಣ ಕೆಂಪಿಗಿಂತ ಐದಾರು ಪಟ್ಟು ಜಾಸ್ತಿ ಚದುರುತ್ತದೆ. ಧೂಳಿನ ಕಣ ಅಣುವಿಗಿಂತ ಬಹಳ ದೊಡ್ಡದು. ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತದೆ, ಹಾಗಾಗಿ ನೀಲಿಗೆ ಬಿಳಿ ಬೆರೆಯುತ್ತದೆ. ಮಳೆ ಆ ಧೂಳನ್ನು ತೊಳೆದು ನೆಲಕ್ಕೆ ಇಳಿಸುತ್ತದೆ.

ಚಿಟ್ಟೆಯ ಹಳದಿಯೂ ಅದೇ ಮಳೆಯ ಕೊಡುಗೆ. ನಾನು ಹೆಚ್ಚಾಗಿ ತೆಗೆಯುವುದು ಕಾಮನ್ ಗ್ರಾಸ್ ಯೆಲ್ಲೋ ಎಂಬ ಸಣ್ಣ ಪಾತರಗಿತ್ತಿಯನ್ನು. ಮೊದಲ ಮಳೆಗೆ ದಾರಿ ಬದಿಯಲ್ಲಿ, ಹೊಲದ ಬದುವಿನ ಮೇಲೆ ತಗಚೆ ಗಿಡ ಏಳುತ್ತದೆ. ಅದರ ಎಲೆಯ ಮೇಲೆ ಇದು ಒಂದೊಂದೇ ಮೊಟ್ಟೆ ಇಡುತ್ತದೆ. ಮೂರು-ನಾಲ್ಕು ವಾರದಲ್ಲಿ ಹೊಸ ಚಿಟ್ಟೆ ಹೊರಗೆ ಬರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಎರಡು ಮೂರು ತಲೆಮಾರು ಆಗಿರುತ್ತದೆ. ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಒಣ ಕಾಲದಲ್ಲಿ ಹುಟ್ಟಿದ ಚಿಟ್ಟೆಗೆ ರೆಕ್ಕೆಯ ಕೆಳಬದಿಯಲ್ಲಿ ಕಂದು ಮಚ್ಚೆ ಜಾಸ್ತಿ. ಮಳೆಗಾಲದ್ದಕ್ಕೆ ಮಚ್ಚೆ ಕಡಿಮೆ, ಹಳದಿ ಶುದ್ಧ. ಅಂದರೆ ಆಕಾಶ ತೊಳೆದುಕೊಂಡು ನೀಲಿಯಾಗುವ ಕಾಲಕ್ಕೇ ಚಿಟ್ಟೆಯೂ ತನ್ನ ಒಳ್ಳೆಯ ಹಳದಿಯಲ್ಲಿ ಇರುತ್ತದೆ. ನನಗೆ ಇದು ಪ್ರತಿ ವರ್ಷ ಹೊಸದಾಗಿ ಖುಷಿ ಕೊಡುತ್ತದೆ.

ಇನ್ನು ತೆಗೆಯುವ ಬಗೆ. ಈ ಚಿಟ್ಟೆ ಕೂತಾಗ ರೆಕ್ಕೆ ಬಿಚ್ಚುವುದಿಲ್ಲ. ಮೇಲ್ಬದಿಯ ಕಪ್ಪು ಅಂಚು ಕಾಣಬೇಕಾದರೆ ಹಾರುವಾಗ ಹಿಡಿಯಬೇಕು, ಇಲ್ಲವೇ ಬೆಳಕು ರೆಕ್ಕೆಯ ಆಚೆಯಿಂದ ತೂರಿ ಬರಬೇಕು. ಆದರೆ ಸೂರ್ಯನ ಕಡೆಗೆ ಕ್ಯಾಮೆರಾ ತಿರುಗಿಸಿದರೆ ಆಕಾಶ ಬೆಳ್ಳಗಾಗುತ್ತದೆ. ಇದರಲ್ಲಿ ನಾನು ಎರಡು ಮಳೆಗಾಲ ಒದ್ದಾಡಿದ್ದೇನೆ. ಈಗ ಬೆಳಿಗ್ಗೆ ಎಂಟರ ಹೊತ್ತಿಗೆ ಸೂರ್ಯ ಬಲಭುಜಕ್ಕೆ ಬರುವ ಹಾಗೆ ಉತ್ತರಕ್ಕೆ ಮುಖ ಮಾಡುತ್ತೇನೆ. ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಆಕಾಶದ ನೀಲಿ ಗಾಢ. ಲೆನ್ಸಿನ ಮುಂದೆ ಹಾಕಿ ನೀಲಿಯನ್ನು ಗಾಢ ಮಾಡುವ ಪೋಲರೈಸಿಂಗ್ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುವುದೂ ಅಲ್ಲೇ. ಪಕ್ಕದಿಂದ ಬಿದ್ದ ಬೆಳಕಿಗೆ ರೆಕ್ಕೆಯ ಅಂಚು ಮೆಲ್ಲಗೆ ಕಾಣುತ್ತದೆ, ನನಗೆ ಅಷ್ಟು ಸಾಕು. ಹಾರುವುದನ್ನು ಹಿಡಿಯುವಾಗ ಫಿಲ್ಟರ್ ಬಿಚ್ಚಿಡುತ್ತೇನೆ, ಅದು ಬೆಳಕು ತಿನ್ನುತ್ತದೆ. ಲೆನ್ಸಿನ ಕಿಂಡಿ ಎಫ್ 8, ಬೆಳಕಿನ ಸಂವೇದನೆ ಐಎಸ್ಒ 500, ಶಟರ್ ವೇಗ ಸೆಕೆಂಡಿನ 2000ದಲ್ಲಿ ಒಂದು ಭಾಗ: ಒಳ್ಳೆಯ ಬಿಸಿಲಿಗೆ ಇದು ಸರಿಹೋಗುತ್ತದೆ. ಹಳದಿ ಬೇಗ ಸುಟ್ಟ ಹಾಗಾಗುತ್ತದೆ, ಕ್ಯಾಮೆರಾ ದಾಖಲಿಸುವ ಕೆಂಪು, ಹಸಿರು, ನೀಲಿಯಲ್ಲಿ ಕೆಂಪಿನ ಪಾಲು (ಕೆಂಪು ಚಾನೆಲ್) ಮೊದಲು ತುಂಬಿ ರೆಕ್ಕೆಯ ಗೆರೆಗಳೆಲ್ಲ ಮಾಯ. ಅದಕ್ಕೆ ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕನ್ನು, ಸ್ವಲ್ಪ ಇಳಿಸಿಯೇ ತೆಗೆಯುತ್ತೇನೆ. ಆಮೇಲೆ ಕಂಪ್ಯೂಟರ್‌ನಲ್ಲಿ ನೆರಳನ್ನು ತುಸು ಎತ್ತುತ್ತೇನೆ. ನನ್ನ ಎಡಿಟಿಂಗ್ ಅಂದರೆ ಇಷ್ಟೇ.

ಚಿಟ್ಟೆ ಮೊಣಕಾಲೆತ್ತರದಲ್ಲಿ ಹಾರುತ್ತದೆ. ನಿಂತು ತೆಗೆದರೆ ಹಿಂದೆ ಹುಲ್ಲು ಬರುತ್ತದೆ, ಆಕಾಶ ಬರುವುದಿಲ್ಲ. ಹಾಗಾಗಿ ಬದುವಿನ ಕೆಳಗೆ ಮಲಗಬೇಕು. ಮಳೆ ಬಿದ್ದ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಇಳಿಯಬೇಡಿ, ಕಾಲಿಗೆ ಮಣ್ಣು ಮೆತ್ತಿ ಹೆಜ್ಜೆ ಕಿತ್ತಿಡಲು ಆಗುವುದಿಲ್ಲ. ಮಸಾರಿ (ಕೆಂಪು ಮಣ್ಣಿನ) ನೆಲಕ್ಕೆ ಹೋಗಿ. ಪಾಲ್ಕಿಗುಂಡಿನ ಕಡೆ, ಅಶೋಕನ ಶಾಸನ ಇರುವ ಆ ಬೆಟ್ಟದ ಸುತ್ತ, ನಾನು ಬಹಳ ಬೆಳಿಗ್ಗೆಗಳನ್ನು ಕಳೆದಿದ್ದೇನೆ. ಒಮ್ಮೆ ಹಾಗೆ ಮಲಗಿದ್ದಾಗ ಹೊಲಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ಗಾಬರಿಯಾಗಿ ನಿಂತರು. "ಯಾಕೋ ತಮ್ಮಾ, ಆರಾಮ ಇಲ್ಲೇನು?" ಅಂದರು. ಕ್ಯಾಮೆರಾ ತೋರಿಸಿದೆ. "ಪಾತರಗಿತ್ತಿ ಬೇಕೇನು? ಆ ತಂಗಡಿ ಗಿಡದ ಹತ್ರ ಹೋಗು, ಅಲ್ಲಿ ಭಾಳ ಅದಾವು" ಅಂತ ಕೈ ತೋರಿಸಿದರು. ಹೋದೆ. ತಂಗಡಿ ಗಿಡದ ತುಂಬ ಹಳದಿ ಹೂವು. ಅದರ ಎಲೆ ತಿಂದು ಬೆಳೆಯುವ ಮಾಟಲ್ಡ್ ಎಮಿಗ್ರಂಟ್ ಚಿಟ್ಟೆಗಳು ಸುತ್ತ ಹಾರುತ್ತಿದ್ದವು. ಆ ಗಿಡದ ಹತ್ತಿರ ಈಗಲೂ ಪ್ರತಿ ವರ್ಷ ಹೋಗುತ್ತೇನೆ.

ಒಂದು ಮಾತು ಮಾತ್ರ ಕೇಳಿಕೊಳ್ಳುತ್ತೇನೆ. ಅಲುಗಾಡದಿರಲಿ ಅಂತ ಚಿಟ್ಟೆಯನ್ನು ಹಿಡಿದು ಫ್ರಿಜ್ಜಿನಲ್ಲಿ ಇಟ್ಟು ತೆಗೆಯುವವರಿದ್ದಾರೆ. ದಯವಿಟ್ಟು ಬೇಡ. ಬೆಳಗಿನ ತಂಪಿಗೆ ಅದು ತಾನೇ ಸುಮ್ನೆ ಕೂತಿರುತ್ತದೆ, ಮೈ ಬಿಸಿಯಾಗುವವರೆಗೆ ಹಾರುವುದಿಲ್ಲ. ಅಷ್ಟು ಹೊತ್ತು ನಿಮಗೆ ಸಿಗುತ್ತದೆ. ಹಾಗೆಯೇ ಮನೆ ಮುಂದಿನ ತಗಚೆಯನ್ನು ಕಳೆ ಅಂತ ಪೂರ್ತಿ ಕೀಳಿಸಬೇಡಿ. ಒಂದೆರಡು ಗಿಡ ಬಿಡಿ. ಕ್ಯಾಮೆರಾ ಇಲ್ಲದಿದ್ದರೆ ಮೊಬೈಲ್ ನಡೆಯುತ್ತದೆ. ಅದನ್ನು ತಲೆಕೆಳಗು ಮಾಡಿ ಲೆನ್ಸ್ ಇರುವ ತುದಿ ನೆಲಕ್ಕೆ ತಾಗುವಂತೆ ಹಿಡಿಯಿರಿ, ಚಿಟ್ಟೆಯ ಹಿಂದೆ ಆಕಾಶ ಬರುತ್ತದೆ.