ಬಾಯಿಗೆ ಬಾರದ ಮಾತು

ನಾಲ್ಕು ವರ್ಷ ಬಿಟ್ಟು ನಿನ್ನೆ ಸಂಜೆ ಪಾಪನಿವೇದನೆಗೆ, ಅಂದರೆ ಚರ್ಚಿನಲ್ಲಿ ಗುರುಗಳ ಮುಂದೆ ತಪ್ಪು ಹೇಳಿಕೊಳ್ಳಲು, ಹೋಗಿದ್ದೆ. ಮರೆತುಹೋಗಬಾರದು ಅಂತ ಎಲ್ಲವನ್ನೂ ಕರೆಂಟ್ ಬಿಲ್ಲಿನ ಹಿಂದೆ ಬರೆದುಕೊಂಡಿದ್ದೆ. ಸಾಲಿನಲ್ಲಿ ನಿಂತು ಕೈ ಬೆವರಿ ಅರ್ಧ ಅಕ್ಷರ ಕಲಸಿಹೋಯಿತು. ಇಂಕ್ ಪೆನ್ನಿನ ತಪ್ಪು, ಇರಲಿ.

ಬೈಬಲ್ಲಿನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಿರಿಯ ಮಗ ನೆನಪಾದ. ಅಪ್ಪನಿಂದ ಆಸ್ತಿಯ ಪಾಲು ತೆಗೆದುಕೊಂಡು ದೂರ ಹೋಗಿ, ಎಲ್ಲ ಹಾಳುಮಾಡಿ, ಕೊನೆಗೆ ಹಂದಿ ಕಾಯಲು ಇಳಿದವನು. ಹಂದಿ ಕಾಯುತ್ತಲೇ ಅವನೂ ಮಾತು ರೆಡಿ ಮಾಡಿಕೊಂಡಿದ್ದ. ಪಾಪ ಮಾಡಿದೆ, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವನ ಹಾಗೆ ಇಟ್ಟುಕೋ ಅಂತ. ಮನೆ ಹತ್ತಿರ ಬಂದಾಗ ಆ ಕೂಲಿಯ ಮಾತು ಬಾಯಿಗೆ ಬರುವುದೇ ಇಲ್ಲ, ಗಮನಿಸಿದ್ದೀರಾ? ಅಷ್ಟರಲ್ಲಿ ಅಪ್ಪ ಅಂಗಿ, ಉಂಗುರ, ಚಪ್ಪಲಿ ತರಲು ಹೇಳಿಯಾಗಿತ್ತು. ಅದಕ್ಕೂ ಮೊದಲು ದೂರದಿಂದಲೇ ನೋಡಿ ಓಡಿಬಂದಿದ್ದ. ಬೆಳೆದ ಮಕ್ಕಳಿರುವ ಮನುಷ್ಯ ಓಡುವುದು ಅಂದರೆ ಸುಮ್ನೆನಾ?

ಗುರುಗಳು ಚೀಟಿ ನೋಡಲೇ ಇಲ್ಲ. "ಬಂದ್ಯಲ್ಲಪ್ಪ" ಅಂದರು. ಹೊರಗೆ ಬಂದು ಮಡಿಕೆ ಬಿಚ್ಚಿದೆ. ಬಿಲ್ಲು ಇನ್ನೂ ಕಟ್ಟಿರಲಿಲ್ಲ.